ಬೆಂಕಿ, ಹೊಗೆ ಹುಟ್ಟಿದ ಜಾಗ ದಾಟದಿರಲಿ: ಕಟ್ಟಡದ ಗೋಡೆ, ಬಾಗಿಲು, ತೂತುಗಳನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ

"ನಮ್ಮದು ಕಾಂಕ್ರೀಟ್ ಕಟ್ಟಡ, ಮೆಟ್ಟಿಲಿಗೆಲ್ಲ ಫೈರ್ ಡೋರ್ ಹಾಕಿಸಿದ್ದೇವೆ, ಇನ್ನೇನು ನೋಡಬೇಕು?" ಕಟ್ಟಡಗಳ ನಿರ್ವಹಣೆ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತೂತುಗಳನ್ನು ನೋಡಬೇಕು. ಗೋಡೆ ಎಷ್ಟೇ ದಪ್ಪವಿರಲಿ, ಇಂಟರ್‌ನೆಟ್ ಕೇಬಲ್ ಎಳೆಯಲು ಕೊರೆದು ಹಾಗೇ ಬಿಟ್ಟ ಒಂದು ತೂತು ಅಥವಾ ಬೆಣೆ ಸಿಕ್ಕಿಸಿ ತೆರೆದಿಟ್ಟ ಒಂದು ಬಾಗಿಲು ಇದ್ದರೆ ಹೊಗೆಯ ಮಟ್ಟಿಗೆ ಆ ಗೋಡೆ ಇದ್ದೂ ಇಲ್ಲದಂತೆ. ಹೊಸ ಕಟ್ಟಡದ ವಿನ್ಯಾಸ ಹೇಗಿರಬೇಕು ಎಂಬುದು ಬೇರೆಯೇ ವಿಷಯ. ಇಲ್ಲಿ ಹೇಳುತ್ತಿರುವುದು ಈಗಾಗಲೇ ಜನ ಓಡಾಡುತ್ತಿರುವ ಕಟ್ಟಡದಲ್ಲಿ ಈ ತಡೆಗಳು ಇನ್ನೂ ಗಟ್ಟಿಯಾಗಿವೆಯೇ ಎಂದು ನೋಡಿ, ಕೆಟ್ಟಿದ್ದನ್ನು ಸರಿಪಡಿಸುವ ಬಗೆ.

ಮೊದಲು ಇದರ ಹಿಂದಿನ ಲೆಕ್ಕಾಚಾರ ತಿಳಿದಿರಲಿ. ಬೆಂಕಿಯನ್ನು ತಡೆಯುವ ಗೋಡೆ, ಸ್ಲ್ಯಾಬ್, ಬಾಗಿಲುಗಳಿಂದ ಕಟ್ಟಡವನ್ನು ಬೇರೆ ಬೇರೆ ಪೆಟ್ಟಿಗೆಗಳಂತೆ ಭಾಗ ಮಾಡಿರುತ್ತಾರೆ. ಇಂಥ ಒಂದೊಂದು ಪೆಟ್ಟಿಗೆಯೂ ಒಂದು ಕಂಪಾರ್ಟ್‌ಮೆಂಟ್. ಒಂದರಲ್ಲಿ ಬೆಂಕಿ ಹೊತ್ತಿಕೊಂಡರೆ ಅದು ಗೊತ್ತುಪಡಿಸಿದ ಹೊತ್ತಿನವರೆಗೆ ಅಲ್ಲೇ ಉಳಿಯಬೇಕು; ಅಷ್ಟರಲ್ಲಿ ಉಳಿದವರು ಮೆಟ್ಟಿಲು ಸೇರಬೇಕು, ಅಗ್ನಿಶಾಮಕ ದಳ ಒಳಗೆ ಬರಬೇಕು. ಹಾಸಿಗೆ ಹಿಡಿದ ರೋಗಿಗಳನ್ನು ಮೆಟ್ಟಿಲಲ್ಲಿ ಇಳಿಸಲಾಗದ ಆಸ್ಪತ್ರೆಗಳಲ್ಲಂತೂ ಅದೇ ಮಹಡಿಯ ಪಕ್ಕದ ಕಂಪಾರ್ಟ್‌ಮೆಂಟಿಗೆ ಮಂಚ ತಳ್ಳಿಕೊಂಡು ಹೋಗುವುದೇ ಮೊದಲ ಉಪಾಯ. ಆ ಗೋಡೆ ಸೋರಿದರೆ ಉಪಾಯವೇ ಇಲ್ಲ.

ಜ್ವಾಲೆಗಿಂತ ಮೊದಲು ಹೊಗೆ ಬರುತ್ತದೆ, ಜ್ವಾಲೆಗಿಂತ ದೂರ ಹೋಗುತ್ತದೆ. 1980ರ ನವೆಂಬರ್ 21ರಂದು ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಉರಿದದ್ದು ಕೆಳಗಿನ ಕ್ಯಾಸಿನೋ ಮಟ್ಟದಲ್ಲಿ. ಸತ್ತ 85 ಜನರಲ್ಲಿ ಹೆಚ್ಚಿನವರು ಬೆಂಕಿಯಿಂದ ಬಹಳ ಮೇಲೆ, ಕೋಣೆಗಳಿದ್ದ ಅಂತಸ್ತುಗಳಲ್ಲಿ ಹೊಗೆ ಕುಡಿದು ಸತ್ತರು. ಮೆಟ್ಟಿಲು, ಲಿಫ್ಟ್ ಶಾಫ್ಟ್, ಕಟ್ಟಡದ ಭಾಗಗಳ ನಡುವೆ ಬಿಟ್ಟಿದ್ದ ಜಾಯಿಂಟ್ ಸಂದುಗಳು ಹೊಗೆಗೆ ಚಿಮಣಿಗಳಾದವು. ನಿಮ್ಮ ಕಟ್ಟಡ ನೋಡುವಾಗ ಈ ಮೂರು ದಾರಿ ನೆನಪಿರಲಿ.

ತಿಳಿದಿರಬೇಕಾದ ಕೆಲವು ಪದಗಳು

ಗೋಡೆ ಅಥವಾ ಬಾಗಿಲಿಗೆ "60 ನಿಮಿಷ ರೇಟಿಂಗ್" ಎಂದರೆ ಕುಲುಮೆಯ ಎದುರು ನಿಲ್ಲಿಸಿ ಸುಟ್ಟಾಗ ಅದು 60 ನಿಮಿಷ ತಡೆಯಿತು ಎಂದರ್ಥ. ಐಎಸ್‌ಒ 834 ಎಂಬ ಮಾನಕದ ಪ್ರಕಾರ ಕುಲುಮೆಯ ಶಾಖ 5 ನಿಮಿಷಕ್ಕೆ ಸುಮಾರು 576 ಡಿಗ್ರಿ ಸೆಲ್ಸಿಯಸ್, 30 ನಿಮಿಷಕ್ಕೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1049 ಮುಟ್ಟುತ್ತದೆ. ಮೊದಲ ಐದೇ ನಿಮಿಷದಲ್ಲಿ ಶಾಖ ಎಷ್ಟು ಏರುತ್ತದೆ ಗಮನಿಸಿ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ಪ್ಲಾಸ್ಟಿಕ್ ಪೈಪಿನ ಗತಿ ಇನ್ನು ಹೇಳಬೇಕಿಲ್ಲ.

ರೇಟಿಂಗ್ ಜೊತೆ ಆರ್, ಇ, ಐ ಎಂಬ ಅಕ್ಷರಗಳು ಬರುತ್ತವೆ. ಆರ್ ಎಂದರೆ ಸುಡುವಾಗಲೂ ಭಾರ ಹೊತ್ತು ನಿಲ್ಲುವುದು. ಇ ಎಂದರೆ ಬಿರುಕು ಬಿಡದೆ, ಜ್ವಾಲೆ ಮತ್ತು ಬಿಸಿ ಅನಿಲ ಆಚೆ ದಾಟದಂತೆ ತಡೆಯುವುದು. ಐ ಎಂದರೆ ಆಚೆ ಮುಖ ಕಾಯದಿರುವುದು: ಸರಾಸರಿ 140 ಡಿಗ್ರಿ, ಯಾವುದೇ ಒಂದು ಬಿಂದುವಿನಲ್ಲಿ 180 ಡಿಗ್ರಿಗಿಂತ ಹೆಚ್ಚು ಏರಬಾರದು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಜ್ವಾಲೆ ದಾಟದಿದ್ದರೂ ಗೋಡೆಯ ಆಚೆ ಮುಖ ಕಾದು, ಅದಕ್ಕೆ ಒರಗಿಸಿಟ್ಟ ರಟ್ಟಿನ ಪೆಟ್ಟಿಗೆ ತಾನೇ ಹೊತ್ತಿಕೊಳ್ಳಬಹುದು.

ಇನ್ನೊಂದು ಪದ ಇಂಟ್ಯುಮೆಸೆಂಟ್. ಬಿಸಿ ತಾಗಿದರೆ ಹಲವು ಪಟ್ಟು ಉಬ್ಬಿ ಸಂದು ತುಂಬುವ ವಸ್ತು ಇದು. ಪಟ್ಟಿ, ಸೀಲಂಟ್ (ಸಂದು ಮುಚ್ಚುವ ಅಂಟು), ಪೈಪಿನ ಸುತ್ತ ಹಾಕುವ ಕಾಲರ್, ಬಣ್ಣ, ಹೀಗೆ ನಾನಾ ರೂಪದಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 150 ಡಿಗ್ರಿ ದಾಟಿದ ಮೇಲಷ್ಟೇ ಉಬ್ಬಲು ಶುರು. ಅದಕ್ಕಿಂತ ತಣ್ಣಗಿನ ಹೊಗೆಗೆ ಇದು ತಡೆಯಲ್ಲ. ಬಾಗಿಲಿನ ಹಂತದಲ್ಲಿ ಈ ಮಾತು ಮತ್ತೆ ಬರುತ್ತದೆ.

ಬೇಕಾಗುವ ಸಾಮಾನು

ಪ್ರತಿ ಮಹಡಿಯ ನಕ್ಷೆ, ಸಾಧ್ಯವಾದರೆ ಮೂಲ ಅಗ್ನಿ ಸುರಕ್ಷತಾ ನಕ್ಷೆ. ಪ್ರಖರವಾದ ಟಾರ್ಚ್, ಕೋಲಿಗೆ ಕಟ್ಟಿದ ಕನ್ನಡಿ, ಏಣಿ, ಟೇಪು. ಬಾಗಿಲಿನ ಸಂದು ಅಳೆಯಲು 2, 3, 4 ಮಿ.ಮೀ. ದಪ್ಪದ ಗೇಜ್. ಫೋನಿಗೆ ಜೋಡಿಸುವ ಉದ್ದ ವಯರಿನ ಕ್ಯಾಮೆರಾ ಇದ್ದರೆ ಟೊಳ್ಳು ಗೋಡೆ ನೋಡಲು ಅನುಕೂಲ. ತೂತುಗಳಿಗೆ ಸಂಖ್ಯೆ ಅಂಟಿಸಲು ಸ್ಟಿಕರ್, ಬರೆಯಲು ಒಂದು ವಹಿ. ಕೆಲಸಕ್ಕೆ ಇಬ್ಬರು ಬೇಕು, ಗೋಡೆಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು.

ಎರಡು ಎಚ್ಚರಿಕೆ. ಹಳೆಯ ಕಟ್ಟಡದ ಹಲಗೆ, ಪೈಪ್ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅನುಮಾನ ಬಂದರೆ ಕೊರೆಯಬೇಡಿ, ಕೆರೆಯಬೇಡಿ, ಮೊದಲು ಪರೀಕ್ಷೆ ಮಾಡಿಸಿ. ಎರಡನೆಯದು: ಗಾಳಿ ಸೋರುತ್ತಿದೆಯೇ ಎಂದು ನೋಡಲು ಮೇಣದಬತ್ತಿಯನ್ನಾಗಲಿ ಲೈಟರನ್ನಾಗಲಿ ಹಿಡಿಯಲೇಬೇಡಿ. 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಅಣು ವಿದ್ಯುತ್ ಸ್ಥಾವರದಲ್ಲಿ ನಡೆದದ್ದು ಅದೇ. ಕೇಬಲ್‌ಗಳು ಗೋಡೆ ದಾಟುವ ಜಾಗದಲ್ಲಿ ಗಾಳಿ ಸೋರಿಕೆ ಹುಡುಕಲು ಹಿಡಿದ ಮೇಣದಬತ್ತಿಯ ಜ್ವಾಲೆ, ಅಲ್ಲಿ ತುಂಬಿದ್ದ ಪಾಲಿಯುರಿಥೇನ್ ಫೋಮಿಗೆ ತಾಗಿತು. 1600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾದವು. ಜ್ವಾಲೆಯಷ್ಟೇ ತಪ್ಪು ಆ ಫೋಮಿನದ್ದೂ ಹೌದು. ತೂತಿಗೆ ಅಂಥ ಫೋಮ್ ತುಂಬುವುದು ಇವತ್ತಿಗೂ ಕಟ್ಟಡಗಳಲ್ಲಿ ಆಗಾಗ ಕಾಣುವ ತಪ್ಪು.

ಹಂತ 1: ನಕ್ಷೆಯ ಮೇಲೆ ಗೆರೆ ಎಳೆಯಿರಿ

ಯಾವ ಗೋಡೆ ತಡೆ ಗೋಡೆ ಎಂದು ಗೊತ್ತಿಲ್ಲದೆ ಟಾರ್ಚ್ ಹಿಡಿದು ಹೊರಟರೆ ದಿನ ಹಾಳು. ಮೂಲ ನಕ್ಷೆ ಇದ್ದರೆ ಅದರಲ್ಲಿ ರೇಟಿಂಗ್ ಬರೆದಿರುತ್ತದೆ. ಇಲ್ಲದಿದ್ದರೆ ಇವುಗಳ ಸುತ್ತ ಕೆಂಪು ಗೆರೆ ಎಳೆಯಿರಿ: ಮೆಟ್ಟಿಲು ಮತ್ತು ಅದರ ಮುಂದಿನ ಲಾಬಿ, ಲಿಫ್ಟ್ ಶಾಫ್ಟ್, ಪೈಪ್ ಮತ್ತು ಕೇಬಲ್ ಮೇಲೇರುವ ಸರ್ವಿಸ್ ಶಾಫ್ಟ್, ಮನೆ ಮನೆಯ ನಡುವಿನ ಗೋಡೆ, ಮನೆ ಮತ್ತು ಕಾರಿಡಾರಿನ ನಡುವಿನ ಗೋಡೆ, ವಿದ್ಯುತ್ ಪ್ಯಾನೆಲ್ ಕೋಣೆ, ಜನರೇಟರ್ ಕೋಣೆ, ಉಗ್ರಾಣ, ಪಾರ್ಕಿಂಗ್ ಮತ್ತು ಮೇಲಿನ ಮಹಡಿಯ ನಡುವಿನ ಸ್ಲ್ಯಾಬ್. ಪ್ರತಿ ಗೆರೆಗೆ ಎಷ್ಟು ನಿಮಿಷದ ರೇಟಿಂಗ್ ಇರಬೇಕು ಎಂಬುದು ಕಟ್ಟಡದ ಎತ್ತರ, ಬಳಕೆ ಮತ್ತು ನಿಮ್ಮಲ್ಲಿನ ನಿಯಮದ ಮೇಲೆ ನಿಂತಿದೆ. ಅದನ್ನು ಊಹಿಸಬೇಡಿ, ಅಗ್ನಿ ಸುರಕ್ಷತಾ ಎಂಜಿನಿಯರರಿಂದ ಬರೆಸಿಕೊಳ್ಳಿ.

ಗೆರೆ ಎಲ್ಲೂ ಮಧ್ಯದಲ್ಲಿ ನಿಲ್ಲಬಾರದು. ಗೋಡೆಯಿಂದ ಗೋಡೆಗೆ, ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಸೇರಿ ಪೆಟ್ಟಿಗೆ ಮುಚ್ಚಿಕೊಳ್ಳಬೇಕು. ಪೆಟ್ಟಿಗೆ ಮುಚ್ಚದ ಜಾಗ ನಕ್ಷೆಯಲ್ಲೇ ಕಾಣಿಸಿದರೆ ಅದು ನಿಮ್ಮ ಪಟ್ಟಿಯ ಮೊದಲ ದೋಷ.

ಹಂತ 2: ಫಾಲ್ಸ್ ಸೀಲಿಂಗ್ ಮೇಲೆ ತಲೆ ಹಾಕಿ

ಹೆಚ್ಚಿನ ದೋಷಗಳು ಕಣ್ಣಿಗೆ ಬೀಳುವ ಜಾಗದಲ್ಲಿರುವುದಿಲ್ಲ. ಕೆಂಪು ಗೆರೆಯ ಗುಂಟ ಸೀಲಿಂಗ್ ಹಲಗೆಗಳನ್ನು ತೆಗೆದು ನೋಡಿ. ಗೋಡೆ ಸೀಲಿಂಗ್ ಮಟ್ಟದಲ್ಲೇ ನಿಂತುಬಿಟ್ಟಿದೆಯೇ? ಹಾಗಿದ್ದರೆ ಎರಡೂ ಕೋಣೆಗಳು ಮೇಲ್ಗಡೆ ಒಂದೇ. ತಡೆ ಗೋಡೆ ಮೇಲಿನ ಸ್ಲ್ಯಾಬಿನ ತಳ ಮುಟ್ಟಲೇಬೇಕು, ಮುಟ್ಟುವಲ್ಲಿನ ಸಂದೂ ಮುಚ್ಚಿರಬೇಕು. ಮಡಚಿದ ತಗಡಿನ ಡೆಕ್ ಮೇಲೆ ಹಾಕಿದ ಸ್ಲ್ಯಾಬ್ ಆದರೆ ಗೋಡೆಯ ತಲೆಗೂ ತಗಡಿನ ಏರುತಗ್ಗಿಗೂ ನಡುವೆ ತ್ರಿಕೋನದಂಥ ಕಂಡಿಗಳು ಸಾಲಾಗಿ ಉಳಿದಿರುತ್ತವೆ, ಒಂದೊಂದನ್ನೂ ನೋಡಿ.

ಒಂದು ಸುಲಭ ಪರೀಕ್ಷೆ: ಈ ಕಡೆಯ ದೀಪ ಆರಿಸಿ, ಆ ಕಡೆ ನಿಂತವರು ಗೋಡೆಯ ಗುಂಟ ಟಾರ್ಚ್ ಹಾಯಿಸಲಿ. ಬೆಳಕು ಇಣುಕಿದಲ್ಲೆಲ್ಲ ಹೊಗೆಯೂ ಇಣುಕುತ್ತದೆ. ಆದರೆ ಬೆಳಕು ಕಾಣಲಿಲ್ಲ ಎಂದ ಮಾತ್ರಕ್ಕೆ ಗೋಡೆ ಸರಿಯಿದೆ ಎಂದುಕೊಳ್ಳಬೇಡಿ. ತೂತಿಗೆ ಚಿಂದಿ ಬಟ್ಟೆ, ಕಾಗದ, ಥರ್ಮಾಕೋಲ್ ತುರುಕಿ ಮೇಲೆ ಸಿಮೆಂಟ್ ಸವರಿದ್ದೂ ಉಂಟು. ಬೆರಳಿನಿಂದ ಒತ್ತಿ ನೋಡಿ. ಒಳಕ್ಕೆ ಕುಸಿದರೆ ತೆಗೆಸಿ.

ಜಿಪ್ಸಮ್ ಬೋರ್ಡಿನ ಗೋಡೆಗಳ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರು. ಬೆಂಕಿ ತಾಗಿದಾಗ ಆ ನೀರು ಆವಿಯಾಗುತ್ತ ಹೋಗುತ್ತದೆ, ಅದು ಮುಗಿಯುವವರೆಗೆ ಹಿಂಬದಿ ಹೆಚ್ಚು ಕಾಯದು. ತಡೆ ಶಕ್ತಿ ಇರುವುದು ಬೋರ್ಡಿನ ದಪ್ಪ, ಪದರಗಳ ಸಂಖ್ಯೆ, ಒಳಗೆ ತುಂಬಿದ ಕಲ್ಲು ಅಥವಾ ಗಾಜಿನ ಎಳೆಗಳ ಉಣ್ಣೆ, ಸ್ಕ್ರೂಗಳ ಅಂತರ ಇವೆಲ್ಲ ಸೇರಿ. ಎರಡು ಪದರವಿದ್ದಲ್ಲಿ ಕೂಡುಗೆರೆಗಳು ಒಂದರ ಮೇಲೊಂದು ಬರಬಾರದು. ಸೀಲಿಂಗ್ ಮೇಲೆ ಯಾರಿಗೂ ಕಾಣದು ಎಂದು ಒಂದೇ ಪದರ ಹಾಕಿ, ಕೂಡುಗೆರೆಗೆ ಟೇಪು, ಪುಟ್ಟಿ ಏನೂ ಇಲ್ಲದೆ ಬಿಟ್ಟ ಗೋಡೆಗಳು ಬೇಕಾದಷ್ಟಿವೆ. ಇನ್ನೊಂದು ಮೋಸದ ಜಾಗ ಸ್ವಿಚ್ ಬಾಕ್ಸು. ಗೋಡೆಯ ಎರಡೂ ಬದಿಯಲ್ಲಿ ಬೆನ್ನಿಗೆ ಬೆನ್ನು ಬರುವಂತೆ ಬಾಕ್ಸ್ ಕೂರಿಸಿದ್ದರೆ ಅಲ್ಲಿ ಬೋರ್ಡೇ ಇಲ್ಲ. ಅವನ್ನು ಸರಿಸಿ ಕೂರಿಸಬೇಕು, ಇಲ್ಲವೇ ಬಾಕ್ಸಿನ ಹಿಂದೆ ಪರೀಕ್ಷೆಗೊಳಗಾದ ಇಂಟ್ಯುಮೆಸೆಂಟ್ ಪುಟ್ಟಿಯ ಪ್ಯಾಡ್ ಹಾಕಬೇಕು.

ಹಂತ 3: ಪ್ರತಿ ತೂತಿಗೂ ಒಂದು ಸಂಖ್ಯೆ

ನೋಡುತ್ತ ಹೋದಂತೆ ಪ್ರತಿ ತೂತಿಗೂ ಸ್ಟಿಕರ್ ಅಂಟಿಸಿ, ಫೋಟೋ ತೆಗೆದು, ವಹಿಯಲ್ಲಿ ಬರೆಯಿರಿ: ಜಾಗ, ಗೋಡೆಯೋ ಸ್ಲ್ಯಾಬೋ, ಅದು ಯಾವುದರಿಂದ ಕಟ್ಟಿದ್ದು, ದಪ್ಪ ಎಷ್ಟು, ತೂತಿನ ಅಳತೆ, ಅದರಲ್ಲಿ ಹಾದುಹೋಗುವುದೇನು, ಪೈಪಾದರೆ ಯಾವ ವಸ್ತು, ಎಷ್ಟು ವ್ಯಾಸ, ಮೇಲೆ ಹೊದಿಕೆ ಇದೆಯೇ, ಸುತ್ತಲಿನ ಸಂದು ಎಷ್ಟು ಮಿ.ಮೀ. ಇಷ್ಟೆಲ್ಲ ಯಾಕೆಂದರೆ ಮುಚ್ಚುವ ವಿಧಾನ ಈ ವಿವರಗಳ ಮೇಲೆಯೇ ನಿರ್ಧಾರವಾಗುತ್ತದೆ. "ಪೈಪಿನ ತೂತು, ಮುಚ್ಚಬೇಕು" ಎಂದಷ್ಟೇ ಬರೆದುಕೊಂಡು ಹೋದರೆ ಇನ್ನೊಮ್ಮೆ ಏಣಿ ಹತ್ತಬೇಕಾಗುತ್ತದೆ.

ಹಂತ 4: ತೂತು ಮುಚ್ಚುವುದು

ಇಲ್ಲಿ ಒಂದೇ ನಿಯಮ: ಸಾಮಾನು ಒಳ್ಳೆಯದಿದ್ದರೆ ಸಾಲದು, ಅದೇ ಬಗೆಯ ಗೋಡೆಯಲ್ಲಿ, ಅದೇ ಬಗೆಯ ಪೈಪು ಅಥವಾ ಕೇಬಲಿನೊಂದಿಗೆ ಅದನ್ನು ಪರೀಕ್ಷಿಸಿರಬೇಕು. ಡಬ್ಬಿಯ ಮೇಲೆ "4 ಗಂಟೆ" ಎಂದು ಬರೆದಿದ್ದರೆ ಅದು ಯಾವುದೋ ಒಂದು ಜೋಡಣೆಯಲ್ಲಿ ಬಂದ ಫಲಿತಾಂಶ. ನಿಮ್ಮ ತೂತಿಗೆ ಅದು ಅನ್ವಯಿಸುತ್ತದೆಯೇ ಎಂಬುದು ತಯಾರಕರ ಪರೀಕ್ಷಾ ವರದಿಯಲ್ಲಿ, ವಿವರ ಚಿತ್ರದಲ್ಲಿ ಸಿಗುತ್ತದೆ. ಆ ಕಾಗದ ಕೊಡದವರ ಸಾಮಾನು ಬೇಡ.

ಪ್ಲಾಸ್ಟಿಕ್ ಪೈಪ್. ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಸುತ್ತಲೂ ಎಷ್ಟು ಚೆನ್ನಾಗಿ ಗಾರೆ ಹಾಕಿದ್ದರೂ ಪೈಪೇ ಕರಗಿ ಹೋದ ಮೇಲೆ ಅದಿದ್ದ ಜಾಗ ಗುಂಡಗಿನ ಕಿಂಡಿಯಾಗಿ ಉಳಿಯುತ್ತದೆ. ಅದಕ್ಕಾಗಿ ಪೈಪಿನ ಸುತ್ತ ಲೋಹದ ಕಾಲರ್ ಹಾಕುತ್ತಾರೆ. ಒಳಗಿನ ಇಂಟ್ಯುಮೆಸೆಂಟ್ ಉಬ್ಬಿ ಮೆತ್ತಗಾದ ಪೈಪನ್ನು ಹಿಂಡಿ ಮುಚ್ಚಿಬಿಡುತ್ತದೆ. ಗೋಡೆಗಾದರೆ ಎರಡೂ ಬದಿ ಕಾಲರ್ ಬೇಕು, ಏಕೆಂದರೆ ಬೆಂಕಿ ಯಾವ ಕಡೆಯಿಂದ ಬರುತ್ತದೋ ಗೊತ್ತಿಲ್ಲ. ಸ್ಲ್ಯಾಬಿಗಾದರೆ ಸಾಮಾನ್ಯವಾಗಿ ಕೆಳಬದಿಗೆ ಸಾಕು. ಕಾಲರನ್ನು ಲೋಹದ ಆಂಕರಿನಿಂದಲೇ ಬಿಗಿಯಿರಿ. ಪ್ಲಾಸ್ಟಿಕ್ ಪ್ಲಗ್ಗಿಗೆ ಸ್ಕ್ರೂ ಹಾಕಿದರೆ ಪ್ಲಗ್ಗೇ ಕರಗಿ ಕಾಲರ್ ಕಳಚಿ ಬೀಳುತ್ತದೆ. ಜಿಪ್ಸಮ್ ಗೋಡೆಗೆ ಬರೀ ಬೋರ್ಡಿಗೆ ಸ್ಕ್ರೂ ಹಾಕುವುದೂ ಹಾಗೆಯೇ. ಎರಡೂ ಬದಿಯ ಕಾಲರುಗಳನ್ನು ಉದ್ದನೆಯ ಥ್ರೆಡೆಡ್ ರಾಡಿನಿಂದ ಒಂದಕ್ಕೊಂದು ಬಿಗಿಯುವ ಪದ್ಧತಿ ಇದೆ, ವಿವರ ಚಿತ್ರ ನೋಡಿ. ಪೈಪಿನ ತಿರುವು ಗೋಡೆಗೆ ಅಂಟಿಕೊಂಡಿದ್ದರೆ ಮಾಮೂಲಿ ಕಾಲರ್ ಕೂರದು, ಅದಕ್ಕೆಂದೇ ಪರೀಕ್ಷಿಸಿದ್ದು ಬೇಕು.

ಲೋಹದ ಪೈಪ್. ಕರಗುವುದಿಲ್ಲ, ಆದರೆ ಬಿಸಿಯನ್ನು ಆಚೆ ಒಯ್ಯುತ್ತದೆ. ಸುತ್ತಲಿನ ಸಂದಿಗೆ ಕಲ್ಲುಣ್ಣೆ (ಕಲ್ಲು ಕರಗಿಸಿ ಎಳೆ ತೆಗೆದ ರಾಕ್ ವುಲ್) ತುರುಕಿ ಸೀಲಂಟ್ ಹಾಕಿದ ಮೇಲೂ ಗೋಡೆಯ ಎರಡೂ ಬದಿ ಒಂದಷ್ಟು ಉದ್ದಕ್ಕೆ ಪೈಪಿಗೆ ಕಲ್ಲುಣ್ಣೆ ಹೊದಿಸಬೇಕಾಗಬಹುದು. ಎಸಿಯ ತಣ್ಣೀರು ಪೈಪಿನ ಮೇಲೆ ಕಪ್ಪು ರಬ್ಬರ್ ಫೋಮ್ ಹೊದಿಕೆ ಇರುತ್ತದಲ್ಲ, ಅದು ಸುಟ್ಟುಹೋದರೆ ಪೈಪಿನ ಸುತ್ತ ಬಳೆಯಂತೆ ಸಂದು ಬಿಡುತ್ತದೆ. ಅದಕ್ಕೆ ಇಂಟ್ಯುಮೆಸೆಂಟ್ ಸುತ್ತುಪಟ್ಟಿ ಬೇಕು, ಬರೀ ಸೀಲಂಟ್ ಸಾಲದು.

ಕಲ್ಲುಣ್ಣೆ ಎಂದರೆ ಕಲ್ಲುಣ್ಣೆಯೇ. ಅದು 1000 ಡಿಗ್ರಿಗೂ ಮೇಲೆ ತಾಳುತ್ತದೆ. ನೋಡಲು ಅದರಂತೆಯೇ ಇರುವ ಗಾಜುಣ್ಣೆ ಅದಕ್ಕಿಂತ ಬಹಳ ಮೊದಲೇ ಕುಗ್ಗಿ ಕರಗುತ್ತದೆ. ಉಗ್ರಾಣದಲ್ಲಿ ಇದ್ದದ್ದನ್ನೇ ತುಂಬಿಸಿ ಮುಗಿಸುವ ಗುತ್ತಿಗೆದಾರರ ಮೇಲೆ ಕಣ್ಣಿಡಿ.

ಕೇಬಲ್ ಕಟ್ಟು. ಒಂದೊಂದೇ ಕೇಬಲ್ ಆದರೆ ಸೀಲಂಟ್ ಸಾಕಾದೀತು. ಇಪ್ಪತ್ತು ಮೂವತ್ತು ಕೇಬಲ್ ಒಟ್ಟಿಗೆ ಕಟ್ಟಿದ್ದರೆ ಹೊರ ಸುತ್ತಿಗೆ ಸೀಲಂಟ್ ಬಳಿದು ಪ್ರಯೋಜನವಿಲ್ಲ, ಗುಂಡನೆಯ ಕೇಬಲ್‌ಗಳ ನಡುವೆ ಉಳಿಯುವ ಸಣ್ಣ ಸಣ್ಣ ಸಂದುಗಳಲ್ಲೇ ಹೊಗೆ ಹರಿಯುತ್ತದೆ. ಕಟ್ಟು ಬಿಚ್ಚಿ, ಕೇಬಲ್ ಹರಡಿ, ನಡುವೆಯೂ ಸೀಲಂಟ್ ಹೋಗುವಂತೆ ಮಾಡಬೇಕು. ಕೇಬಲ್ ಟ್ರೇ ಹಾದುಹೋಗುವ ದೊಡ್ಡ ತೆರಪಿಗೆ ಎರಡೂ ಮುಖಕ್ಕೆ ಬಣ್ಣ ಬಳಿದ 50 ಮಿ.ಮೀ. ದಪ್ಪದ ಕಲ್ಲುಣ್ಣೆ ಹಲಗೆ ಸಿಗುತ್ತದೆ. ಅಳೆದು ಬಿಗಿಯಾಗಿ ಕೂರುವಂತೆ ಕತ್ತರಿಸಿ, ಕತ್ತರಿಸಿದ ಅಂಚಿಗೆಲ್ಲ ಅದರದ್ದೇ ಸೀಲಂಟ್ ಬಳಿದು ಕೂರಿಸಿ. ಟ್ರೇಯ ಕೆಳಗಿನ ಮೂಲೆ ಎಲ್ಲರೂ ಮರೆಯುವ ಜಾಗ. ಕನ್ನಡಿ ಹಿಡಿದು ನೋಡಿ. ಹೊಸ ಕೇಬಲ್ ಆಗಾಗ ಬರುವ ಸರ್ವರ್ ಕೋಣೆಯಂಥ ಕಡೆ ಕಲ್ಲುಣ್ಣೆ ಹಲಗೆ ಬೇಡ, ಬಿಚ್ಚಿ ಮತ್ತೆ ಜೋಡಿಸಬಹುದಾದ ಇಂಟ್ಯುಮೆಸೆಂಟ್ ದಿಂಬು ಅಥವಾ ಬ್ಲಾಕ್ ಹಾಕಿಸಿ. ಕೇಬಲ್ ಎಳೆಯಲು ಬರುವ ಹುಡುಗ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ತಿವಿದು ದಾರಿ ಮಾಡಿಕೊಳ್ಳುತ್ತಾನೆ, ದಿಂಬಾದರೆ ಎತ್ತಿ ಮತ್ತೆ ಇಡುತ್ತಾನೆ.

ಸ್ಲ್ಯಾಬಿನ ತೆರಪು. ಶಾಫ್ಟಿನೊಳಗೆ ಪ್ರತಿ ಮಹಡಿಯ ಮಟ್ಟದಲ್ಲೂ ಮುಚ್ಚುವ ಪದ್ಧತಿಯಿದ್ದರೆ ಅಲ್ಲಿ ಜೀವಕ್ಕೆ ಇನ್ನೊಂದು ಅಪಾಯ ಕಾದಿರುತ್ತದೆ: ಕಲ್ಲುಣ್ಣೆ ಹಲಗೆ ನೋಡಲು ನೆಲದಂತೆ ಇದ್ದರೂ ಮನುಷ್ಯನ ಭಾರ ಹೊರುವುದಿಲ್ಲ. ಕಾಲಿಟ್ಟವರು ಕೆಳಗಿನ ಮಹಡಿಗೆ ಬೀಳುತ್ತಾರೆ. ಅಡಿಯಲ್ಲಿ ಉಕ್ಕಿನ ಜಾಲರಿ ಇರಲಿ, ಇಲ್ಲವೇ ಬಲವರ್ಧನೆಯೊಂದಿಗೆ ಭಾರ ಹೊರಲು ಪರೀಕ್ಷಿಸಿದ ಫೈರ್ ಮಾರ್ಟರ್, ಅಂದರೆ ಬೆಂಕಿ ತಡೆಯುವ ಗಾರೆ ಸುರಿಯಿರಿ. ಸಾಮಾನ್ಯವಾಗಿ ಇದನ್ನು 75ರಿಂದ 100 ಮಿ.ಮೀ. ದಪ್ಪಕ್ಕೆ ಹಾಕುತ್ತಾರೆ.

ಫೋಮ್. ಮಾಮೂಲಿ ಪಾಲಿಯುರಿಥೇನ್ ಫೋಮ್ ಕಂಡಲ್ಲೆಲ್ಲ ಕತ್ತರಿಸಿ ತೆಗೆಸಿ. ಗುಲಾಬಿ ಬಣ್ಣದ, "ಫೈರ್" ಎಂದು ಬರೆದ ಫೋಮ್ ಬೇರೆಯೇ, ಆದರೆ ಅದನ್ನೂ ಹೆಚ್ಚಾಗಿ ಪರೀಕ್ಷಿಸಿರುವುದು ಗೋಡೆಯ ತಲೆಯಂಥ ಕಿರಿದಾದ ನೇರ ಸಂದಿಗೆ. ಕೇಬಲ್ ಟ್ರೇ ಸುತ್ತ ಅದನ್ನು ಊದಿ ತುಂಬಿಸಿದ್ದು ಕಂಡರೆ ವರದಿ ಕೇಳಿ. ಬಣ್ಣ ನೋಡಿ ನಂಬಬೇಡಿ.

ಹಂತ 5: ಬಾಗಿಲು

ಗೋಡೆ ಎಂದೂ ತೆರೆಯುವುದಿಲ್ಲ, ಬಾಗಿಲು ದಿನಕ್ಕೆ ನೂರು ಸಲ ತೆರೆಯುತ್ತದೆ; ಬೇಗ ಕೆಡುವುದೂ ಅದೇ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತಾಗ ಬೆಂಕಿ ಮೇಲೇರಿದ್ದು ಹೊರಗೋಡೆಯ ಹೊದಿಕೆಯ ಮೂಲಕ. ಆದರೆ ಜನ ಬಿಟ್ಟು ಓಡಿದ ಮನೆಗಳ ಬಾಗಿಲುಗಳಲ್ಲಿ ಹಲವು ತಾವಾಗಿ ಮುಚ್ಚಿಕೊಳ್ಳಲಿಲ್ಲ, ಲಾಬಿಗಳಿಗೆ ಹೊಗೆ ನುಗ್ಗಲು ಅದೂ ಕಾರಣವಾಯಿತು ಎಂದು ತನಿಖೆಯಲ್ಲಿ ಬಂತು. ಆದ್ದರಿಂದ ಮಾದರಿಗೆ ನಾಲ್ಕು ಬಾಗಿಲು ನೋಡಿ ಬಿಡಬೇಡಿ, ಎಲ್ಲವನ್ನೂ ನೋಡಿ.

ಮೊದಲು ಕ್ಲೋಸರ್, ಅಂದರೆ ಬಾಗಿಲನ್ನು ತಾನಾಗಿ ಮುಚ್ಚಿಸುವ ಸಾಧನ. ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ತಾನಾಗಿ ಬಂದು, ಚಿಲಕದ ನಾಲಿಗೆ ಕಚ್ಚಿ ಕೂರಬೇಕು. ಆಮೇಲೆ ಬರೀ 75 ಮಿ.ಮೀ. ತೆರೆದು ಕೈಬಿಡಿ, ಆಗಲೂ ಕೂರಬೇಕು. ಬಹಳಷ್ಟು ಬಾಗಿಲು ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಬಿದ್ದುಹೋಗುತ್ತವೆ, ಏಕೆಂದರೆ ಓಡಿಬಂದ ರಭಸವಿಲ್ಲದೆ ನಾಲಿಗೆಯನ್ನು ಒತ್ತುವ ಶಕ್ತಿ ಕ್ಲೋಸರಿಗೆ ಇರುವುದಿಲ್ಲ. ಹೆಚ್ಚಿನ ಕ್ಲೋಸರುಗಳಲ್ಲಿ ಎರಡು ಸ್ಕ್ರೂ ಇರುತ್ತವೆ, ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯ ಕೆಲವು ಡಿಗ್ರಿಯ ವೇಗಕ್ಕೆ. ಎರಡನೆಯದನ್ನು ಕಾಲು ಸುತ್ತಿನಷ್ಟೇ ತಿರುಗಿಸಿ ನೋಡಿ. ಎಣ್ಣೆ ಸೋರಿದ ಗುರುತಿದ್ದರೆ ಹೊಂದಿಸುತ್ತ ಕೂರಬೇಡಿ, ಬದಲಾಯಿಸಿ. ಮೆಟ್ಟಿಲಿಗೆ ಗಾಳಿ ಒತ್ತುವ ಫ್ಯಾನ್ ಇದ್ದರೆ ಅದು ಓಡುತ್ತಿರುವಾಗಲೂ ಈ ಪರೀಕ್ಷೆ ಮಾಡಿ. ಗಾಳಿಯ ಒತ್ತಡಕ್ಕೆ ಬಾಗಿಲು ಅರ್ಧದಲ್ಲೇ ನಿಂತುಬಿಡುವುದುಂಟು.

ಸಂದು. ಬದಿಗಳಲ್ಲೂ ಮೇಲ್ಗಡೆಯೂ ಬಾಗಿಲಿಗೂ ಚೌಕಟ್ಟಿಗೂ ನಡುವೆ 3 ಮಿ.ಮೀ. ಇದ್ದರೆ ಚೆನ್ನ, 2ರಿಂದ 4ರ ಒಳಗಿರಲಿ. 2 ಮಿ.ಮೀ. ಗೇಜ್ ಹೋಗದಿದ್ದರೆ ಬಾಗಿಲು ಉಜ್ಜುತ್ತದೆ, 4ರದ್ದು ಸಲೀಸಾಗಿ ಓಡಾಡಿದರೆ ಸಂದು ಜಾಸ್ತಿ. ಹೊಸ್ತಿಲ ಬಳಿಯ ಸಂದು ಎಷ್ಟಿರಬಹುದು ಎಂಬುದು ಆ ಬಾಗಿಲಿನ ಪ್ರಮಾಣಪತ್ರದಲ್ಲಿರುತ್ತದೆ. ಹೊಗೆ ತಡೆಯಬೇಕಾದ ಬಾಗಿಲಿಗೆ ಅಲ್ಲೂ 3 ಮಿ.ಮೀ.ಗಿಂತ ಹೆಚ್ಚು ಬೇಡ, ಇಲ್ಲವೇ ತಾನಾಗಿ ಕೆಳಗಿಳಿಯುವ ಸೀಲ್ ಹಾಕಿಸಿ. ಸಂದು ದೊಡ್ಡದಾಯಿತೆಂದು ಬಡಗಿಯನ್ನು ಕರೆದು ಅಂಚಿಗೆ ಮರದ ಪಟ್ಟಿ ಹೊಡೆಸುವುದು ದುರಸ್ತಿಯಲ್ಲ. ಮೊದಲು ಕೀಲುಗಳು ಸಡಿಲವಾಗಿವೆಯೇ ನೋಡಿ, ಹೆಚ್ಚಿನ ಸಲ ಬಾಗಿಲು ಜೋತುಬಿದ್ದಿರುತ್ತದೆ ಅಷ್ಟೇ. ಉಕ್ಕಿನ ಕೀಲು ಕಡಿಮೆಯೆಂದರೆ ಮೂರು ಇರಬೇಕು, ಪ್ರತಿ ತೂತಿಗೂ ಸ್ಕ್ರೂ ಇರಬೇಕು.

ಸೀಲ್. ಅಂಚಿನ ತೋಡಿನಲ್ಲಿ ಕೂರಿಸಿದ ಪಟ್ಟಿಯನ್ನು ಹತ್ತಿರದಿಂದ ನೋಡಿ. ಬರೀ ಚಪ್ಪಟೆ ಪಟ್ಟಿ ಇದ್ದರೆ ಅದು ಇಂಟ್ಯುಮೆಸೆಂಟ್ ಮಾತ್ರ, ಬಿಸಿ ತಾಗುವವರೆಗೆ ಹೊಗೆಗೆ ದಾರಿ ತೆರೆದೇ ಇರುತ್ತದೆ. ಜೊತೆಗೆ ಕೂದಲಿನಂಥ ಬ್ರಷ್ ಅಥವಾ ರಬ್ಬರಿನ ರೆಕ್ಕೆ ಇದ್ದರೆ ತಣ್ಣನೆಯ ಹೊಗೆಯನ್ನೂ ತಡೆಯುತ್ತದೆ. ಮಲಗುವ ಕೋಣೆಗಳಿರುವ ಕಾರಿಡಾರಿಗೂ ಮೆಟ್ಟಿಲಿಗೂ ಎರಡನೆಯದೇ ಬೇಕು. ಬಣ್ಣ ಬಳಿಯುವವರು ಬ್ರಷ್ಷಿನ ಮೇಲೂ ಬಳಿದು ಹೋಗಿರುತ್ತಾರೆ. ಗಟ್ಟಿಯಾದ ಬ್ರಷ್ ಚೌಕಟ್ಟಿಗೆ ಒತ್ತಿಕೊಳ್ಳುವುದಿಲ್ಲ, ಬದಲಾಯಿಸಿ.

ಚೌಕಟ್ಟಿನ ಹಿಂಬದಿ. ಒಂದೆರಡು ಬಾಗಿಲಿನ ಸುತ್ತಿನ ಅಲಂಕಾರ ಪಟ್ಟಿ ಬಿಚ್ಚಿಸಿ ಚೌಕಟ್ಟಿಗೂ ಗೋಡೆಗೂ ನಡುವೆ ಏನು ತುಂಬಿದ್ದಾರೆ ನೋಡಿ. ಖಾಲಿ ಅಥವಾ ಮಾಮೂಲಿ ಫೋಮ್ ಕಂಡರೆ ಅದೇ ತಂಡ ಕೂರಿಸಿದ ಅಷ್ಟೂ ಬಾಗಿಲು ಬಿಚ್ಚಿಸಬೇಕು. ದುಬಾರಿ ಕೆಲಸ, ಆದರೂ ಬಿಡುವ ಹಾಗಿಲ್ಲ.

ಆಮೇಲೆ ಸೇರಿಸಿದ್ದು. ಹೊಸ ಬೀಗ, ಇಣುಕು ಗಾಜು, ಕೇಬಲಿಗೆಂದು ಕೊರೆದ ತೂತು, ಗಾಳಿಗೆಂದು ಕೂರಿಸಿದ ಜಾಲರಿ ಇವೆಲ್ಲ ಪ್ರಮಾಣಪತ್ರದ ಆಚೆಗಿನವು. ಬಾಗಿಲು ತೆರೆದಿಡಲೇಬೇಕಾದ ಜಾಗವಾದರೆ ಬೆಣೆ, ಕುರ್ಚಿ, ಬೆಂಕಿ ಆರಿಸುವ ಸಿಲಿಂಡರ್ ಯಾವುದನ್ನೂ ಅಡ್ಡ ಇಡಬೇಡಿ. ಅಲಾರಂಗೆ ಜೋಡಿಸಿದ ಮ್ಯಾಗ್ನೆಟ್ ಹಾಕಿಸಿ. ಅಲಾರಂ ಹೊಡೆದರೂ ಕರೆಂಟು ಹೋದರೂ ಅದು ಬಾಗಿಲನ್ನು ಬಿಟ್ಟುಬಿಡಬೇಕು. ಬಿಡುತ್ತದೆಯೇ ಎಂದು ಅಲಾರಂ ಪರೀಕ್ಷೆಯ ದಿನವೇ ನೋಡಿ. ಜನ ಬೆಣೆ ಇಡುವುದು ಉಡಾಫೆಯಿಂದಲೇ ಅಲ್ಲ. ಟ್ರಾಲಿ ತಳ್ಳುವವರಿಗೆ ಬಾಗಿಲು ಭಾರವಾಗುತ್ತದೆ. ಬೈದು ನೋಟೀಸು ಅಂಟಿಸುವುದಕ್ಕಿಂತ ಮ್ಯಾಗ್ನೆಟ್ ಹಾಕಿಸುವುದು ಮೇಲು.

ಹಂತ 6: ಗಾಳಿಯ ಡಕ್ಟ್

ಗಾಳಿ ಸಾಗಿಸುವ ಕೊಳವೆ, ಅಂದರೆ ಡಕ್ಟ್, ತಡೆ ಗೋಡೆ ದಾಟುವಲ್ಲಿ ಒಳಗೆ ಫೈರ್ ಡ್ಯಾಂಪರ್, ಅಂದರೆ ಬೆಂಕಿ ಬಂದಾಗ ಮುಚ್ಚಿಕೊಳ್ಳುವ ಲೋಹದ ಪರದೆ ಇರಬೇಕು. ಸರಳವಾದ ಬಗೆಯಲ್ಲಿ ಸುಮಾರು 72 ಡಿಗ್ರಿಗೆ ಕರಗುವ ಲೋಹದ ಕೊಂಡಿ ಇರುತ್ತದೆ, ಅದು ಕರಗಿದಾಗ ಸ್ಪ್ರಿಂಗ್ ಪರದೆಯನ್ನು ಮುಚ್ಚುತ್ತದೆ. ತಣ್ಣನೆಯ ಹೊಗೆಗೆ ಕೊಂಡಿ ಕರಗದು. ಅದಕ್ಕೇ ಮಲಗುವ ಜಾಗ, ಪಾರಾಗುವ ದಾರಿಗಳ ಡಕ್ಟಿಗೆ ಹೊಗೆ ಡಿಟೆಕ್ಟರ್ ಹೇಳಿದಂತೆ ಮುಚ್ಚುವ ಮೋಟಾರಿನ ಡ್ಯಾಂಪರ್ ಬೇಕು.

ನೋಡಬೇಕಾದದ್ದು ಇಷ್ಟು: ಡ್ಯಾಂಪರ್ ಗೋಡೆಯ ದಪ್ಪದೊಳಗೇ ಇದೆಯೇ ಅಥವಾ ಒಂದಡಿ ಆಚೆ ಡಕ್ಟಿನಲ್ಲಿ ನೇತಾಡುತ್ತಿದೆಯೇ? ಆಚೆಯಿದ್ದರೆ, ಆ ಜೋಡಣೆಯನ್ನೂ ನಡುವಿನ ಡಕ್ಟಿಗೆ ಕೊಟ್ಟ ರಕ್ಷಣೆಯನ್ನೂ ಪರೀಕ್ಷಿಸಿದ ದಾಖಲೆ ಇರಬೇಕು, ಇಲ್ಲದಿದ್ದರೆ ಅದು ಕೆಲಸಕ್ಕೆ ಬಾರದು. ಹತ್ತಿರ ಕೈಹಾಕಲು ತೆರೆಯುವ ಮುಚ್ಚಳ ಇದೆಯೇ? ಇಲ್ಲದಿದ್ದರೆ ಕೂರಿಸಿದ ದಿನದಿಂದ ಯಾರೂ ಪರೀಕ್ಷಿಸಿಲ್ಲ ಎಂದೇ ತಿಳಿಯಿರಿ. ವರ್ಷಕ್ಕೊಮ್ಮೆಯಾದರೂ ಕೊಂಡಿ ಬಿಡಿಸಿ ಪರದೆ ಪೂರ್ತಿ ಮುಚ್ಚುತ್ತದೆಯೇ ನೋಡಿ, ಬೆರಳು ಹುಷಾರು, ಸ್ಪ್ರಿಂಗ್ ಜೋರಾಗಿ ಹೊಡೆಯುತ್ತದೆ. ಧೂಳು, ಗಾರೆಯ ಚೂರು ಸಿಕ್ಕಿಕೊಂಡು ಅರ್ಧ ಮುಚ್ಚಿದ ಡ್ಯಾಂಪರುಗಳೇ ಹೆಚ್ಚು. "ಗಾಳಿ ಬರುತ್ತಿಲ್ಲ" ಎಂದು ತಂತಿ ಕಟ್ಟಿ ತೆರೆದಿಟ್ಟದ್ದೂ ಸಿಗುತ್ತದೆ.

ಹಂತ 7: ಗಾಜು ಮತ್ತು ಜಾಯಿಂಟ್

ಮಾಮೂಲಿ ಗಾಜು ಕೆಲವೇ ನಿಮಿಷಗಳಲ್ಲಿ ಸಿಡಿಯುತ್ತದೆ. ಬೆಂಕಿ ತಡೆಯುವ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ತಯಾರಕರ ಗುರುತು ಕೊರೆದಿರುತ್ತದೆ. ಕಾಣದಿದ್ದರೆ ದಾಖಲೆ ಕೇಳಿ. ಒಳಗೆ ತಂತಿ ಜಾಲ ಇರುವ ಗಾಜು ಜ್ವಾಲೆ ತಡೆದರೂ ಬಿಸಿ ತಡೆಯದು. ಕಟ್ಟಡದ ಎರಡು ಭಾಗಗಳ ನಡುವಿನ ಜಾಯಿಂಟ್, ಸ್ಲ್ಯಾಬಿನ ಅಂಚಿಗೂ ಹೊರಗಿನ ಗಾಜಿನ ಗೋಡೆಗೂ ನಡುವಿನ ಸಂದು ಅಲುಗಾಡುವ ಜಾಗಗಳು. ಅಲ್ಲಿ ಗಾರೆ ತುಂಬಿದರೆ ಬಿರಿಯುತ್ತದೆ, ಅಲುಗಾಟಕ್ಕೆಂದೇ ಪರೀಕ್ಷಿಸಿದ ಸೀಲ್ ಬೇಕು.

ಹಂತ 8: ಯಾವುದು ಮೊದಲು, ಯಾವುದು ಆಮೇಲೆ

ಪಟ್ಟಿ ಮುಗಿದಾಗ ನೂರಾರು ದೋಷ ಕಂಡು ಕೈಚೆಲ್ಲಬೇಡಿ. ಮುಚ್ಚದ ಬಾಗಿಲು, ಮೆಟ್ಟಿಲಿಗೆ ಅಥವಾ ಲಾಬಿಗೆ ತೆರೆದ ತೂತು, ಮಹಡಿಯಿಂದ ಮಹಡಿಗೆ ತೆರೆದ ಶಾಫ್ಟ್ ಮೊದಲು. ಬಾಗಿಲು ಹೊಂದಿಸಲು ಸ್ಕ್ರೂಡ್ರೈವರ್ ಸಾಕು, ಅದನ್ನು ಇವತ್ತೇ ಮಾಡಿ. ಆಮೇಲೆ ಬೆಂಕಿ ಹುಟ್ಟಬಹುದಾದ ಪ್ಯಾನೆಲ್ ಕೋಣೆ, ಜನರೇಟರ್ ಕೋಣೆ, ಉಗ್ರಾಣದ ಗೋಡೆಗಳು. ಉಳಿದದ್ದು ನಂತರ. ದೊಡ್ಡ ದೋಷ ಸರಿಯಾಗಲು ವಾರಗಳು ಹಿಡಿಯುತ್ತವೆ ಎಂದಾದರೆ ಅಷ್ಟು ದಿನ ಆ ಜಾಗದಿಂದ ಸುಡುವ ಸಾಮಾನು ಖಾಲಿ ಮಾಡಿ, ಹೆಚ್ಚುವರಿ ಡಿಟೆಕ್ಟರ್ ಅಥವಾ ಗಸ್ತಿನ ವ್ಯವಸ್ಥೆ ಮಾಡಿ. ಎಲ್ಲರೂ ಒಟ್ಟಿಗೆ ಹೊರಬರಬೇಕೇ ಅಥವಾ ಒಳಗೇ ಇರಬೇಕೇ ಎಂಬ ಯೋಜನೆ ಬದಲಾಗಬೇಕೇ ಎಂದು ಎಂಜಿನಿಯರರನ್ನು ಕೇಳಿ.

ಹಂತ 9: ಮುಂದಿನ ತೂತಿಗೆ ಅನುಮತಿ ಚೀಟಿ

ಇಷ್ಟೆಲ್ಲ ಮುಚ್ಚಿಸಿದ ಮರುವಾರವೇ ಯಾರೋ ಡ್ರಿಲ್ ಹಿಡಿದು ಬರುತ್ತಾರೆ. ತಡೆ ಗೋಡೆಗಳ ಮೇಲೆ ಸೀಲಿಂಗಿನ ಮೇಲ್ಭಾಗದಲ್ಲೂ ಕಾಣುವಂತೆ "ಬೆಂಕಿ ತಡೆ ಗೋಡೆ, ಅನುಮತಿಯಿಲ್ಲದೆ ಕೊರೆಯಬಾರದು" ಎಂದು ಬರೆಸಿ. ಕೇಬಲ್, ಪೈಪ್, ಎಸಿ ಕೆಲಸಕ್ಕೆ ಬರುವ ಯಾರೇ ಆಗಲಿ, ಕೊರೆಯುವ ಮೊದಲು ಚೀಟಿ ಬರೆಸಿಕೊಳ್ಳಬೇಕು: ಯಾವ ಗೋಡೆ, ಎಷ್ಟು ದೊಡ್ಡ ತೂತು, ಯಾವ ವಿಧಾನದಿಂದ ಯಾರು ಮುಚ್ಚುತ್ತಾರೆ, ಯಾವ ದಿನದೊಳಗೆ. ಮುಚ್ಚಿದ ಪ್ರತಿ ತೂತಿನ ಪಕ್ಕ ಸಂಖ್ಯೆ, ಬಳಸಿದ ಸಾಮಾನು, ದಿನಾಂಕ, ಮಾಡಿದವರ ಹೆಸರಿನ ಚೀಟಿ ಅಂಟಿಸಿ. ಮುಚ್ಚುವ ಮೊದಲಿನದು, ಮಧ್ಯದ್ದು, ಮುಗಿದ ಮೇಲಿನದು ಎಂದು ಮೂರು ಫೋಟೋ ಇರಲಿ. ಮಧ್ಯದ ಫೋಟೋ ಮುಖ್ಯ, ಸೀಲಂಟಿನ ಹಿಂದೆ ಕಲ್ಲುಣ್ಣೆ ಇದೆಯೋ ಕಾಗದವಿದೆಯೋ ಎಂದು ಆಮೇಲೆ ಹೇಳುವುದು ಅದೊಂದೇ. ಈ ಕೆಲಸವನ್ನು ಗುತ್ತಿಗೆ ಪತ್ರದಲ್ಲೇ ಸೇರಿಸಿ, ಫೋಟೋ ಕೈಸೇರಿ ನೀವು ಏಣಿ ಹತ್ತಿ ನೋಡಿದ ಮೇಲೆಯೇ ಕೊನೆಯ ಕಂತಿನ ಹಣ ಬಿಡುಗಡೆ ಮಾಡಿ.